ಜುಮಕಿ ಅಡವಿಡುವ ಮುನ್ನ

"ಭಾಬಿ, ಲ್ಯಾಪ್‌ಟಾಪ್ ಕಥೆ ಮುಗಿಯಿತಂತೆ. ಹೊಸದಕ್ಕೆ ಮೂವತ್ತೆಂಟು ಸಾವಿರ ಆಗುತ್ತದಂತೆ. ನನ್ನ ಜುಮಕಿ ಅಡವಿಟ್ಟು ತರೋಣ ಎಂದುಕೊಂಡಿದ್ದೇನೆ. ನೀವೇನು ಹೇಳುತ್ತೀರಿ?"

2025ರ ನವೆಂಬರ್ ತಿಂಗಳ ಒಂದು ಸಂಜೆ ನನ್ನ ನಾದಿನಿ ಫೋನಿನಲ್ಲಿ ಹೀಗೆ ಕೇಳಿದಳು. ಅವಳ ಮನೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ. ನಮ್ಮದು ಬಂಗಾರಪೇಟೆ. ಅವಳ ಗಂಡ ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವವರು. ಮಗಳು ಬಿ.ಕಾಂ. ಎರಡನೆಯ ವರ್ಷ. ಆ ಲ್ಯಾಪ್‌ಟಾಪ್ 2016ರಲ್ಲಿ ಅಣ್ಣನ ಓದಿಗೆಂದು ಕೊಂಡದ್ದು. ಅಣ್ಣನ ಓದು ಮುಗಿದ ಮೇಲೆ ತಂಗಿಯ ಕೈಗೆ ಬಂದಿತ್ತು.

"ಕಥೆ ಮುಗಿಯಿತು ಅಂದರೆ? ಆನ್ ಆಗುತ್ತಿಲ್ಲವೇ?"

"ಆನ್ ಆಗುತ್ತೆ. ಮಗಳು ಈಗಲೂ ಅದರಲ್ಲೇ ಏನೋ ಟೈಪ್ ಮಾಡುತ್ತಿದ್ದಾಳೆ. ಆದರೆ ಪರದೆಯ ಮೇಲೆ ಒಂದು ಬರಹ ಬಂದಿದೆ. ಅಂಗಡಿಯಲ್ಲಿ ತೋರಿಸಿದೆವು. ಇದರ ಕಾಲ ಆಯಿತು, ಹೊಸ ವಿಂಡೋಸ್ ಇದಕ್ಕೆ ಹಿಡಿಯುವುದಿಲ್ಲ, ಹೊಸದೇ ತೆಗೆದುಕೊಳ್ಳಿ ಎಂದರು."

ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಜುಮಕಿ ನಿನ್ನ ಕಿವಿಯಲ್ಲೇ ಇರಲಿ ಎಂದು ಹೇಳಿ ಫೋನ್ ಇಟ್ಟೆ.

ನಾನು ಕಂಪ್ಯೂಟರ್ ಪಂಡಿತೆಯಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿಕೊಂಡು, ಮಕ್ಕಳಿಗೆ ಪಾಠ ಹೇಳಿಕೊಂಡಿರುವವಳು. ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾ ಮಾಡುತ್ತಾ ಕಲಿತದ್ದಷ್ಟೇ. ಗೊತ್ತಿಲ್ಲದ್ದನ್ನು ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿ ತಿಳಿದುಕೊಳ್ಳುತ್ತೇನೆ. ನಾದಿನಿಯ ಮನೆಯ ಪರದೆಯ ಮೇಲೆ ಬಂದ ಬರಹವೇ ಎಷ್ಟೋ ಮನೆಗಳಲ್ಲಿ ಬಂದಿದೆ. ನಿಮ್ಮ ಮನೆಯಲ್ಲೂ ಬಂದಿರಬಹುದು. ಆದ್ದರಿಂದ ನಾವು ಕಲಿತದ್ದನ್ನು ಈ ಬಾರಿ ನಿಮ್ಮ ಮುಂದಿಡುತ್ತಿದ್ದೇನೆ.

ಬರಹದ ಅರ್ಥವೇನು?

ಲ್ಯಾಪ್‌ಟಾಪ್ ಒಂದು ಯಂತ್ರ. ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್. ಅದಕ್ಕೆ ಆವೃತ್ತಿಗಳಿವೆ. ಪ್ರತಿ ಆವೃತ್ತಿಗೂ ಒಂದು ಅವಧಿ ಇದೆ. ವಿಂಡೋಸ್ ಎಕ್ಸ್‌ಪಿಯ ಅವಧಿ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ, 8.1ರದ್ದು 2023ರ ಜನವರಿ 10ಕ್ಕೆ ಮುಗಿದವು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರ ಅವಧಿ 2025ರ ಅಕ್ಟೋಬರ್ 14ಕ್ಕೆ ತೀರಿತು. ನಾದಿನಿಯ ಮನೆಯ ಪರದೆ ಹೇಳುತ್ತಿದ್ದದ್ದು ಇಷ್ಟೇ.

ಅವಧಿ ಮುಗಿಯಿತು ಎಂದರೆ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಏಳುವುದಿಲ್ಲವೆಂದಲ್ಲ. ಹಾಗಾದರೆ ಏನು ಕಳೆದುಹೋಯಿತು? ಇದನ್ನು ಕೆ.ಜಿ.ಎಫ್.ನವರಿಗೆ ಹೇಳುವುದು ಸುಲಭ. ನಮ್ಮ ಮಾವನವರು ಗಣಿಯ ಪಂಪ್ ವಿಭಾಗದಲ್ಲಿ ಕೆಲಸ ಮಾಡಿದವರು. ಚಿನ್ನ ತೆಗೆಯುವವರನ್ನು ಲೋಕ ನೋಡುತ್ತದೆ, ಹಗಲೂ ರಾತ್ರಿ ನೀರು ಎತ್ತುವವರನ್ನು ಯಾರೂ ನೋಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮರುದಿನವೂ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ ಹಾಗೆಯೇ ನಿಂತಿತ್ತು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ. ಆದರೆ ಪಂಪುಗಳು ನಿಂತ ಮೇಲೆ ಒಳಗೆ ನೀರು ಏರುತ್ತಾ ಬಂತು.

ಆಪರೇಟಿಂಗ್ ಸಿಸ್ಟಮ್‌ಗೂ ಹೀಗೆ ಕಣ್ಣಿಗೆ ಕಾಣದ ಕಾವಲು ಬೇಕು. ತಂತ್ರಾಂಶದಲ್ಲಿ ದಿನವೂ ಹೊಸ ಹೊಸ ದೋಷಗಳು ಪತ್ತೆಯಾಗುತ್ತವೆ. ಕಳ್ಳರು ಒಳನುಗ್ಗುವುದು ಆ ದೋಷಗಳ ಮೂಲಕ. ಕಂಪೆನಿಯವರು ಅವುಗಳನ್ನು ಮುಚ್ಚುವ ತೇಪೆಯನ್ನು ಅಪ್‌ಡೇಟ್ ಎಂಬ ಹೆಸರಿನಲ್ಲಿ ಕಳಿಸುತ್ತಿರುತ್ತಾರೆ. ಅವಧಿ ಮುಗಿದ ಮೇಲೆ ತೇಪೆ ಬರುವುದು ನಿಲ್ಲುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹಲವಾರು ದೇಶಗಳ ಕಂಪ್ಯೂಟರ್‌ಗಳಿಗೆ ನುಗ್ಗಿತು. ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ತೇಪೆ ಕೊಟ್ಟಿತ್ತು. ಹಾಕಿಕೊಂಡವರು ಉಳಿದುಕೊಂಡರು. ಹಾಕಿಕೊಳ್ಳದವರೂ, ಅವಧಿ ಮೀರಿದ ಆವೃತ್ತಿ ಇಟ್ಟುಕೊಂಡವರೂ ಅಪಾಯಕ್ಕೆ ಸಿಕ್ಕಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಯಸ್ಸಾದದ್ದು ವಿಂಡೋಸ್‌ನ ಆವೃತ್ತಿಗೆ. ಯಂತ್ರದ ವಯಸ್ಸು ಬೇರೆ, ಆವೃತ್ತಿಯ ವಯಸ್ಸು ಬೇರೆ. ಅಂಗಡಿಯಲ್ಲಿ ಎರಡನ್ನೂ ಸೇರಿಸಿ ಒಂದೇ ಲೆಕ್ಕ ಹೇಳಿದ್ದರಿಂದಲೇ ಜುಮಕಿಗೆ ಕುತ್ತು ಬಂದದ್ದು.

ನಾಲ್ಕು ಪ್ರಶ್ನೆಗಳು

ಭಾನುವಾರ ನಾನು ಹೋದಾಗ ಸೊಸೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದಳು. "ಮಾಮಿ, ಇದು ತುಂಬಾ ನಿಧಾನ. ಆನ್ ಮಾಡಿ ಚಹಾ ಕುಡಿದು ಬರಬಹುದು" ಎಂದಳು. ಒಂದು ಕಾಗದ ತೆಗೆದುಕೋ ಎಂದೆ. ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದ ನಾಲ್ಕು ಪ್ರಶ್ನೆಗಳನ್ನು ಬರೆಸಿದೆ. ಈ ಯಂತ್ರ ಎಷ್ಟು ಭಾರ ಹೊರಬಲ್ಲದು? ಯಾವ ಆವೃತ್ತಿಗೆ ಎಲ್ಲಿಯವರೆಗೆ ಅಪ್‌ಡೇಟ್ ಬರುತ್ತದೆ? ನಮ್ಮ ಕೆಲಸಕ್ಕೆ ಬೇಕೇ ಬೇಕಾದ ತಂತ್ರಾಂಶ ಯಾವುದು? ಇದರಲ್ಲಿರುವ ಕಡತಗಳ ಇನ್ನೊಂದು ಪ್ರತಿ ಎಲ್ಲಿದೆ?

ಮೊದಲನೆಯ ಪ್ರಶ್ನೆಗೆ ಉತ್ತರ ಲ್ಯಾಪ್‌ಟಾಪ್ ಒಳಗೇ ಸಿಗುತ್ತದೆ. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್‌ಗೆ ಹೋಗಿ, ಕೊನೆಯಲ್ಲಿರುವ ಅಬೌಟ್ ಎಂಬುದನ್ನು ಒತ್ತಿದರೆ ಪ್ರೊಸೆಸರ್‌ನ ಹೆಸರು, ರ‍್ಯಾಮ್ ಎಷ್ಟು, 32 ಬಿಟ್ಟೋ 64 ಬಿಟ್ಟೋ, ವಿಂಡೋಸ್‌ನ ಆವೃತ್ತಿ ಯಾವುದು ಎಲ್ಲವೂ ಬರುತ್ತದೆ. ಸೊಸೆಯ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಐ3-5005ಯು ಎಂದಿತ್ತು. ಗೆರೆಯ ನಂತರದ ನಾಲ್ಕಂಕಿಯಲ್ಲಿ ಮೊದಲನೆಯದು ತಲೆಮಾರಿನ ಗುರುತು. ಇಲ್ಲಿ 5 ಇದೆ, ಅಂದರೆ ಐದನೆಯ ತಲೆಮಾರು. ಐ5-8250ಯು ಎಂದಿದ್ದರೆ ಎಂಟನೆಯದು. ರ‍್ಯಾಮ್ 4 ಜಿಬಿ ಇತ್ತು. 64 ಬಿಟ್. ಒಳಗೆ ತಿರುಗುವ ಹಳೆಯ ಕಾಲದ ಹಾರ್ಡ್ ಡಿಸ್ಕ್.

ಈ ನಾಲ್ಕು ಸಾಲು ಬರೆದುಕೊಂಡ ಮೇಲೆ ಆವೃತ್ತಿಯ ಆಯ್ಕೆ ಅರ್ಧ ಮುಗಿದಂತೆ.

ವಿಂಡೋಸ್ 11 ಆಗುತ್ತದೆಯೇ? 2021ರ ಅಕ್ಟೋಬರ್‌ನಲ್ಲಿ ಬಂದ ಈ ಆವೃತ್ತಿಗೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಎಂದು ಕಂಪೆನಿ ಹೇಳುತ್ತದೆ. ತೊಡಕಿರುವುದು ಬೇರೆ ಕಡೆ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಆದರೆ, ಕೆಲವು ಅಪವಾದ ಬಿಟ್ಟು, ಎಂಟನೆಯ ತಲೆಮಾರು ಅಥವಾ ನಂತರದ್ದಿರಬೇಕು. ಈ ಎಂಟನೆಯ ತಲೆಮಾರು ಬಂದದ್ದೇ 2017ರಲ್ಲಿ. ಎ.ಎಂ.ಡಿ. ಪ್ರೊಸೆಸರ್‌ಗಳಿಗೂ ಇಂಥದೇ ಪಟ್ಟಿ ಇದೆ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಹಾಕಿ ನೋಡಿದರೆ ಆಗುತ್ತದೆ ಅಥವಾ ಆಗದು ಎಂದು ಅದೇ ಹೇಳುತ್ತದೆ. ನಿಮ್ಮದಕ್ಕೆ ಆಗುತ್ತದೆ ಎಂದರೆ ಬೇರೆ ಯೋಚನೆ ಬೇಡ, ಹಾಕಿಸಿಕೊಳ್ಳಿ. ವಿಂಡೋಸ್ 10 ಅಸಲಿಯಾಗಿದ್ದರೆ 11ಕ್ಕೆ ಏರಲು ಹಣ ಕೊಡಬೇಕಾಗಿಲ್ಲ. ಸೊಸೆಯದಕ್ಕೆ ಆಗದು ಎಂದಿತು. ಒತ್ತಾಯವಾಗಿ ಹಾಕುವ ಅಡ್ಡದಾರಿಗಳಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆ ಇಲ್ಲವೆಂದು ಕಂಪೆನಿಯೇ ಹೇಳಿದೆ. ಅಪ್‌ಡೇಟ್‌ಗಾಗಿ ಅಲ್ಲವೇ ನಾವು ಬದಲಾಯಿಸುತ್ತಿರುವುದು?

ಹಾಗಾದರೆ ಹಿಂದಕ್ಕೆ, ವಿಂಡೋಸ್ 7ಕ್ಕೆ ಹೋಗೋಣವೇ? ಹಳೆಯ ಯಂತ್ರಕ್ಕೆ ಅದೇ ಹಗುರ ಎಂದು ಹೇಳುವವರಿದ್ದಾರೆ. ಹಗುರವೇನೋ ನಿಜ. ಆದರೆ ಅದಕ್ಕೆ ತೇಪೆ ನಿಂತು ಎಷ್ಟು ವರ್ಷಗಳಾದವು! ಕ್ರೋಮ್ ಬ್ರೌಸರ್ ಕೂಡ 2023ರಲ್ಲೇ 109ನೆಯ ಆವೃತ್ತಿಗೆ ವಿಂಡೋಸ್ 7ರ ಕೈಬಿಟ್ಟಿತು. ಬ್ಯಾಂಕಿನ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ ಇವನ್ನೆಲ್ಲ ಅಂಥ ಬ್ರೌಸರ್‌ನಲ್ಲಿ ಮಾಡುವುದು ಬಾಗಿಲಿಲ್ಲದ ಮನೆಯಲ್ಲಿ ಹಣದ ಪೆಟ್ಟಿಗೆ ಇಟ್ಟಂತೆ.

ವಿಂಡೋಸ್ 10ರಲ್ಲೇ ಇದ್ದುಬಿಡಬಹುದೇ? ಮನೆಯ ಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ ಘೋಷಿಸಿತು. ಅದರ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಆ ಖಾತೆಯಲ್ಲಿ ಯಂತ್ರದ ಸೆಟ್ಟಿಂಗ್‌ಗಳನ್ನು ಉಳಿಸಿಡಲು ಒಪ್ಪಿದರೆ ಹಣವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಯೋಚಿಸಿ ತೀರ್ಮಾನ ಮಾಡಲು ಸಮಯ ಸಿಗುತ್ತದೆ. ಸೊಸೆಗೆ ಆಗ ಪರೀಕ್ಷೆ ಹತ್ತಿರವಿತ್ತು. ಪರೀಕ್ಷೆಯ ಮುಂದೆ ಆಪರೇಟಿಂಗ್ ಸಿಸ್ಟಮ್ ಬದಲಾಯಿಸಬಾರದು. ಅಂದೇ ಅವಳ ಕೈಯಿಂದ ನೋಂದಣಿ ಮಾಡಿಸಿ, ಉಳಿದದ್ದನ್ನು ರಜೆಗೆ ಇಟ್ಟುಕೊಂಡೆವು.

ಇನ್ನೊಂದು ಬಾಗಿಲು

ವಿಂಡೋಸ್ ಬಿಟ್ಟರೆ ಬೇರೆ ಇಲ್ಲವೆಂದು ನಾವು ಬಹಳ ಮಂದಿ ತಿಳಿದಿದ್ದೇವೆ. ಲಿನಕ್ಸ್ ಎಂಬುದೊಂದಿದೆ. ಫಿನ್ಲೆಂಡಿನಲ್ಲಿ ಓದುತ್ತಿದ್ದ ಲೀನುಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಅದರ ತಿರುಳನ್ನು ಬರೆದ. ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ 2001ರಲ್ಲಿ ಶುರುವಾಯಿತು. ಮುಂದೆ 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಹಾಕಿದ ಕಂಪ್ಯೂಟರ್‌ಗಳಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಶಾಲೆಯ ಮಕ್ಕಳಿಗೆ ಒಗ್ಗಿದ್ದು ನಮಗೆ ಒಗ್ಗದೇ?

ಲಿನಕ್ಸ್‌ನಲ್ಲೂ ಬಗೆಗಳಿವೆ, ಆವೃತ್ತಿಗಳಿವೆ. ವಿಂಡೋಸ್ ರೂಢಿಯಾದವರಿಗೆ ಸುಲಭವಾಗುವುದು ಲಿನಕ್ಸ್ ಮಿಂಟ್ ಎಂದು ಮೇಷ್ಟ್ರು ಹೇಳಿದರು. ಅದರ 22ನೆಯ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅದರಲ್ಲೂ ಮೂರು ರೂಪಗಳಿವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಮೂರರಲ್ಲಿ ಹಗುರವಾದದ್ದು ಎಕ್ಸ್‌ಎಫ್‌ಸಿಇ. ಕಡಿಮೆಯೆಂದರೆ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ನೆಮ್ಮದಿ. ಆದರೆ ಯಂತ್ರ 64 ಬಿಟ್‌ನದಾಗಿರಬೇಕು. ತೀರಾ ಹಳೆಯ 32 ಬಿಟ್ ಯಂತ್ರಗಳನ್ನು ಮಿಂಟ್ 19.3ರ ನಂತರ ಕೈಬಿಟ್ಟಿದೆ. ಅಂಥದ್ದು ಮನೆಯಲ್ಲಿದ್ದರೆ ಅದಕ್ಕೆ ಹಣ ಸುರಿಯಬೇಡಿ. ಅಂತರ್ಜಾಲಕ್ಕೆ ಜೋಡಿಸದೆ ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಲಿನಕ್ಸ್‌ನ ಒಂದು ದೊಡ್ಡ ಅನುಕೂಲವಿದೆ. ಲ್ಯಾಪ್‌ಟಾಪ್‌ನಲ್ಲಿರುವ ಯಾವುದನ್ನೂ ಮುಟ್ಟದೆ, ಪೆನ್ ಡ್ರೈವ್‌ನಿಂದಲೇ ಅದನ್ನು ನಡೆಸಿ ನೋಡಬಹುದು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಲ್ಲ ಪರೀಕ್ಷಿಸಿ, ಒಗ್ಗದಿದ್ದರೆ ಪೆನ್ ಡ್ರೈವ್ ತೆಗೆದುಬಿಟ್ಟರಾಯಿತು. ಸೀರೆಯನ್ನು ಮೈಮೇಲೆ ಹಾಕಿ ನೋಡಿ ಕೊಳ್ಳುವಂತೆ.

ಕೆಲಸ ಯಾವುದು?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಸೊಸೆಯ ಕಾಗದದಲ್ಲಿ ಅವಳು ಬರೆದದ್ದು ಹೀಗೆ: ಪಾಠದ ವಿಡಿಯೋ ನೋಡುವುದು, ಟಿಪ್ಪಣಿ ಟೈಪ್ ಮಾಡುವುದು, ಕಾಲೇಜಿನ ಪ್ರವೇಶ ಮತ್ತು ಪರೀಕ್ಷೆಯ ಅರ್ಜಿಗಳನ್ನು ಯು.ಯು.ಸಿ.ಎಂ.ಎಸ್.ನಲ್ಲಿ ತುಂಬುವುದು, ವಿದ್ಯಾರ್ಥಿವೇತನದ ಅರ್ಜಿ, ಅಮ್ಮಿಯ ಹೊಲಿಗೆ ಲೆಕ್ಕ, ಟ್ಯಾಲಿ ಅಭ್ಯಾಸ.

ಟ್ಯಾಲಿ ಬಿಟ್ಟು ಉಳಿದದ್ದೆಲ್ಲ ಬ್ರೌಸರ್‌ನಲ್ಲಿ ಅಥವಾ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಆಗುವಂಥದ್ದು. ಅದಕ್ಕೆ ವಿಂಡೋಸ್ ಬೇಕಿಲ್ಲ. ಟ್ಯಾಲಿ ಮಾತ್ರ ವಿಂಡೋಸ್‌ಗಾಗಿ ಮಾಡಿದ್ದು. ಬಿ.ಕಾಂ. ಹುಡುಗಿಗೆ ಟ್ಯಾಲಿ ಬಿಡಿಸುವುದೆಂದರೆ ಅವಳ ನಾಳೆಯ ಸಂಬಳವನ್ನೇ ಬಿಡಿಸಿದಂತೆ. ಇಲ್ಲಿ ಯಾರಾದರೂ "ಲಿನಕ್ಸ್ ಹಾಕಿಬಿಡಿ" ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಅದು ಹೊಸ ಲ್ಯಾಪ್‌ಟಾಪ್ ಕೊಳ್ಳಿ ಎಂದ ಅಂಗಡಿಯವರ ಮಾತಿನಷ್ಟೇ ಅವಸರದ ಮಾತಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಇನ್ನೆರಡು ತೊಡಕುಗಳಿವೆ. ಒಂದು ಇನ್‌ಪೇಜ್. ಉರ್ದು ಬರೆಯುವವರು ವರ್ಷಗಳಿಂದ ನೆಚ್ಚಿಕೊಂಡಿರುವುದು ಅದನ್ನೇ. ಅದೂ ವಿಂಡೋಸ್‌ನದು. ಹಳೆಯ ಇನ್‌ಪೇಜ್ ಕಡತಗಳು ರಾಶಿ ಇದ್ದರೆ ಒಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳಲೇಬೇಕು. ಹೊಸದಾಗಿ ಬರೆಯುವವರು ಯೂನಿಕೋಡ್‌ನಲ್ಲಿ ಬರೆಯುವುದು ಒಳ್ಳೆಯದು. ನೋಟೋ ನಸ್ತಾಲೀಖ್ ಉರ್ದು ಎಂಬ ಉಚಿತ ಅಕ್ಷರ ಎಲ್ಲ ಕಡೆಯೂ ನಡೆಯುತ್ತದೆ.

ಇನ್ನೊಂದು ನಮ್ಮ ಕನ್ನಡದ ನುಡಿ, ಬರಹ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಗುರುತುಗಳು ಬರುವುದನ್ನು ನೀವೂ ನೋಡಿರುತ್ತೀರಿ. ಅದು ವೈರಸ್ ಅಲ್ಲ. ಆ ಅಕ್ಷರರೂಪ ಅಲ್ಲಿಲ್ಲ, ಅಷ್ಟೇ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವ ಮೊದಲೇ, ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಅವುಗಳನ್ನು ಯೂನಿಕೋಡ್‌ಗೆ ಬದಲಾಯಿಸಿಡಿ. ಲಿನಕ್ಸ್‌ನಲ್ಲೂ ಕನ್ನಡ ಸೇರಿಸಿಕೊಂಡು ನುಡಿಯದೇ ಕೀಲಿಮಣೆ ವಿನ್ಯಾಸದಲ್ಲಿ ಬರೆಯಬಹುದು. ಅದಕ್ಕೆ ಅಲ್ಲಿ ಕೆ.ಜಿ.ಪಿ. ಎಂಬ ಹೆಸರಿದೆ. ಬೆರಳುಗಳು ಹೊಸ ಪಾಠ ಕಲಿಯಬೇಕಾಗಿಲ್ಲ.

ಅಬ್ಬಾ ಅವರ ಪತ್ರಗಳು

ನಾಲ್ಕನೆಯ ಪ್ರಶ್ನೆ ಬಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. 2020ರಲ್ಲಿ ವಿಂಡೋಸ್ 7ರ ಅವಧಿ ಮುಗಿದಾಗ ನನ್ನ ಲ್ಯಾಪ್‌ಟಾಪನ್ನೂ ಒಂದು ಅಂಗಡಿಗೆ ಒಯ್ದಿದ್ದೆ. "ಫಾರ್ಮ್ಯಾಟ್ ಮಾಡಿ ಹೊಸದು ಹಾಕಿಕೊಡಲೇ?" ಎಂದು ಕೇಳಿದರು. ಹೂಂ ಎಂದೆ. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸುವುದು ಎಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಲ್ಯಾಪ್‌ಟಾಪ್ ಹೊಸದರಂತೆ ಬಂತು. ಎಂಟು ವರ್ಷಗಳ ಪ್ರಶ್ನೆಪತ್ರಿಕೆಗಳು ಇರಲಿಲ್ಲ. ನನ್ನ ಅಬ್ಬಾ ತೀರಿಕೊಳ್ಳುವ ಮೊದಲು ನನಗೆ ಉರ್ದುವಿನಲ್ಲಿ ಬರೆದಿದ್ದ ಪತ್ರಗಳ ಫೋಟೋಗಳೂ ಇರಲಿಲ್ಲ. ಮೂಲ ಕಾಗದಗಳು ಅದಕ್ಕಿಂತ ಮುಂಚೆಯೇ ಮಳೆಯಲ್ಲಿ ನೆನೆದು ಹೋಗಿದ್ದವು. ಪ್ರಶ್ನೆಪತ್ರಿಕೆಯನ್ನು ಮತ್ತೆ ಬರೆಯಬಹುದು. ಅಬ್ಬಾ ಅವರ ಅಕ್ಷರವನ್ನು ಎಲ್ಲಿಂದ ತರಲಿ?

ಆದ್ದರಿಂದ ಸಹೋದರಿಯರೇ, ಯಾವ ಆವೃತ್ತಿ ಎಂದು ಯೋಚಿಸುವ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ಪೆನ್ ಡ್ರೈವ್‌ನಲ್ಲೋ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಒಂದು ಪ್ರತಿ, ಅಕ್ಕನ ಮನೆಯಲ್ಲೋ ಅಂತರ್ಜಾಲದ ಖಾತೆಯಲ್ಲೋ ಇನ್ನೊಂದು. ಪ್ರತಿ ಮಾಡಿದ ಮೇಲೆ ನಾಲ್ಕೈದು ಕಡತಗಳನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಂಬಬೇಡಿ.

ಇನ್ನೊಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ಮದುವೆಯ ವಿಡಿಯೋ, ಮನೆಯ ಹೆಣ್ಣುಮಕ್ಕಳ ಫೋಟೋ, ಆಧಾರ್, ಬ್ಯಾಂಕಿನ ಕಾಗದ ಎಲ್ಲವೂ ಇರುತ್ತದೆ. ಅದನ್ನು ಹಾಗೆಯೇ ಅಂಗಡಿಯಲ್ಲಿ ಎರಡು ದಿನ ಬಿಟ್ಟು ಬರುವುದು ಮನೆಯ ಬೀಗದ ಕೈ ಕೊಟ್ಟು ಬಂದಂತೆ. ಎಲ್ಲ ಅಂಗಡಿಯವರೂ ಕೆಟ್ಟವರಲ್ಲ. ಆದರೂ ನಮ್ಮ ಮನೆಯ ಮರ್ಯಾದೆಯನ್ನು ಕಾಯಬೇಕಾದವರು ನಾವು. ಖಾಸಗಿ ಕಡತಗಳನ್ನು ತೆಗೆದಿಟ್ಟು ಕೊಡಿ, ಅಥವಾ ಎದುರಿಗೇ ಕುಳಿತು ಮಾಡಿಸಿಕೊಳ್ಳಿ. ಮನೆಯ ಮಕ್ಕಳೇ ಕಲಿತು ಮಾಡಿದರೆ ಇನ್ನೂ ಒಳ್ಳೆಯದು.

ಅಂದು ನನಗೆ ಹಾಕಿಕೊಟ್ಟದ್ದು ಅಸಲಿ ವಿಂಡೋಸ್ ಅಲ್ಲವೆಂದು ಆಮೇಲೆ ತಿಳಿಯಿತು. ಮುನ್ನೂರು ರೂಪಾಯಿಗೆ ಬೀಗ ಮುರಿದ ಪ್ರತಿ. ಬೀಗ ಮುರಿಯಲು ಬಳಸುವ ತಂತ್ರಾಂಶದ ಜೊತೆಗೇ ಕಳ್ಳ ತಂತ್ರಾಂಶಗಳೂ ಬರುವುದುಂಟು, ಅದು ಒಂದು ಅಪಾಯ. ಆದರೆ ಅದಕ್ಕಿಂತ ಮೊದಲು, ಅದು ಇನ್ನೊಬ್ಬರ ದುಡಿಮೆ. ಹುಕೂಕುಲ್ ಇಬಾದ್, ಅಂದರೆ ಜನರ ಹಕ್ಕುಗಳ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ನಾನೇ ಕದ್ದ ಪ್ರತಿಯಲ್ಲಿ ಆ ಪಾಠದ ಟಿಪ್ಪಣಿ ಟೈಪ್ ಮಾಡುತ್ತಿದ್ದೆ. ನಾಚಿಕೆಯಾಯಿತು. ದೊಡ್ಡ ಕಂಪೆನಿ, ಅವರಿಗೇನು ನಷ್ಟ ಎಂದು ಹೇಳುವವರಿದ್ದಾರೆ. ಹಕ್ಕು ಇರುವವರ ಐಶ್ವರ್ಯ ನೋಡಿ ಹಕ್ಕು ಕರಗುವುದಿಲ್ಲ. ಹಣವಿಲ್ಲದವರಿಗೆ ಹಲಾಲ್ ದಾರಿ ಇಲ್ಲದಿದ್ದರೆ ಮಾತು ಬೇರೆ. ಲಿನಕ್ಸ್ ಮಾಡಿದವರೇ "ಬಳಸಿ, ಪ್ರತಿ ಮಾಡಿ, ಬೇರೆಯವರಿಗೂ ಕೊಡಿ" ಎಂದು ಅನುಮತಿ ಕೊಟ್ಟಿದ್ದಾರೆ. ಪಕ್ಕದ ಮನೆಯವರಿಗೆ ಪ್ರತಿ ಮಾಡಿಕೊಟ್ಟರೂ ಯಾರ ಹಕ್ಕೂ ಹೋಗುವುದಿಲ್ಲ.

ರಜೆಯಲ್ಲಿ ಆದದ್ದು

ಪರೀಕ್ಷೆ ಮುಗಿದ ಮೇಲೆ ಸೊಸೆಯ ಅಬ್ಬಾ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೂರು ವಸ್ತು ತಂದರು. ಒಂದು ಎಸ್‌ಎಸ್‌ಡಿ, 4 ಜಿಬಿಯ ಹಳೆಯ ಡಿಡಿಆರ್3 ಜಾತಿಯ ಒಂದು ರ‍್ಯಾಮ್, ಮತ್ತು ಕ್ಯಾಡಿ ಎಂಬ ಸಣ್ಣ ಚೌಕಟ್ಟು. ಮೂರೂ ಸೇರಿ ನಾಲ್ಕು ಸಾವಿರ ಚಿಲ್ಲರೆ. ಇವುಗಳ ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ಎರಡು ಕಡೆ ಕೇಳಿ ನೋಡಿ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಮುಳ್ಳು ತಟ್ಟೆಯ ಮೇಲೆ ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಗೆ ಆ ಓಡಾಟವಿಲ್ಲ. ಹಳೆಯ ಲ್ಯಾಪ್‌ಟಾಪ್ ನಿಧಾನವಾಗಲು ಹೆಚ್ಚಾಗಿ ಈ ಹಾರ್ಡ್ ಡಿಸ್ಕೇ ಕಾರಣ. ಯಾವ ಆವೃತ್ತಿ ಹಾಕಿದರೂ ಸರಿ, ಮೊದಲು ಇದನ್ನು ಬದಲಾಯಿಸಿದರೆ ಫಲ ಕಣ್ಣಿಗೆ ಕಾಣುತ್ತದೆ.

ಮೇಷ್ಟ್ರು ಫೋನಿನಲ್ಲಿ ಹೇಳುತ್ತಾ ಹೋದರು, ಸೊಸೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಮಾಡುತ್ತಾ ಹೋದಳು. ಹಳೆಯ ಡಿಸ್ಕ್ ತೆಗೆದು ಆ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದಳು. ಪೆನ್ ಡ್ರೈವ್‌ನಲ್ಲಿ ಪರೀಕ್ಷಿಸಿದ್ದ ಮಿಂಟ್ ಎಕ್ಸ್‌ಎಫ್‌ಸಿಇ ಅದರೊಳಗೆ ಹೋಯಿತು. ಯಾರೂ ಬಳಸದ ಡಿವಿಡಿ ಡ್ರೈವ್ ಕಳಚಿ, ಆ ಜಾಗಕ್ಕೆ ಕ್ಯಾಡಿಯಲ್ಲಿಟ್ಟು ಹಳೆಯ ಡಿಸ್ಕ್ ತೂರಿಸಿದಳು. ಅದರಲ್ಲಿ ವಿಂಡೋಸ್ 10, ಟ್ಯಾಲಿ ಎರಡೂ ಹಾಗೆಯೇ ಇವೆ. ಆನ್ ಮಾಡುವಾಗ ಯಾವುದು ಬೇಕೋ ಆರಿಸಿಕೊಳ್ಳುವುದು. ನಿಯಮ ಒಂದೇ: ವಿಂಡೋಸ್‌ನಲ್ಲಿದ್ದಾಗ ವೈಫೈ ಆಫ್. ಅಲ್ಲಿ ಟ್ಯಾಲಿ ಅಭ್ಯಾಸ ಮಾತ್ರ. ಅರ್ಜಿ, ಬ್ಯಾಂಕು, ವಿಡಿಯೋ ಎಲ್ಲ ಮಿಂಟ್‌ನಲ್ಲಿ.

ಮೊದಲ ವಾರ ಗೊಣಗಾಟವಿತ್ತು. ಆ ಗುಂಡಿ ಎಲ್ಲಿ, ಈ ಗುಂಡಿ ಎಲ್ಲಿ, ಪ್ರಿಂಟರ್ ಏಕೆ ಕೇಳುತ್ತಿಲ್ಲ ಎಂದು ದಿನಕ್ಕೆ ಎರಡು ಫೋನ್. ಪ್ರಿಂಟರ್‌ಗೆ ಅರ್ಧ ದಿನ ಹಿಡಿಯಿತು. ಎರಡನೆಯ ವಾರ ಫೋನ್ ಬರಲಿಲ್ಲ. ನಾನೇ ಮಾಡಿದೆ. "ಮಾಮಿ, ಈಗ ಚಹಾ ಕುಡಿಯಲು ಸಮಯವೇ ಸಿಗುವುದಿಲ್ಲ, ಅಷ್ಟು ಬೇಗ ಏಳುತ್ತದೆ" ಎಂದು ನಕ್ಕಳು.

ಎಲ್ಲ ಮನೆಗೂ ಇದೇ ಉತ್ತರವಲ್ಲ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಆಗಬಹುದು. ಅಥವಾ ಪರದೆ ಒಡೆದು, ಬ್ಯಾಟರಿ ಉಬ್ಬಿ, ಮದರ್‌ಬೋರ್ಡ್ ಸುಟ್ಟು ನಿಜವಾಗಿಯೂ ಅದರ ಕಾಲ ತೀರಿರಬಹುದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒಂದು ದಿನವೂ ಬಳಸಬೇಡಿ. ಹೊಸದು ಕೊಳ್ಳಲೇಬೇಕಾದಾಗ ಕೊಳ್ಳುವುದು ದುಂದಲ್ಲ. ಚೆನ್ನಾಗಿರುವುದನ್ನು ಎಸೆಯುವುದು ದುಂದು. ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮ ಕೆ.ಜಿ.ಎಫ್.ನವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬಗಳ ಧೂಳು ಗಾಳಿ ಬೀಸಿದಾಗಲೆಲ್ಲ ಮನೆಯೊಳಗೆ ಬರುವುದನ್ನು ಅವರು ನೋಡಿಕೊಂಡೇ ಬೆಳೆದಿದ್ದಾರೆ. ಲ್ಯಾಪ್‌ಟಾಪ್‌ನೊಳಗೂ ಮಣ್ಣಿಗೆ ಸೇರಬಾರದ ಲೋಹಗಳಿರುತ್ತವೆ.

ಹೇಳಬೇಕಾದದ್ದು ಇಷ್ಟು. ಪರದೆಯ ಮೇಲೆ ಬರಹ ಬಂದ ದಿನ ಅಂಗಡಿಗೆ ಓಡಬೇಡಿ, ಬರಹವನ್ನು ಕಡೆಗಣಿಸಿ ಕೂರಲೂ ಬೇಡಿ. ಕಾಗದ ತೆಗೆದುಕೊಂಡು ಆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಉತ್ತರ ಬರೆದ ಕಾಗದ ಕೈಯಲ್ಲಿದ್ದರೆ ಅಂಗಡಿಯವರೂ ನಿಮ್ಮೊಡನೆ ಬೇರೆ ರೀತಿ ಮಾತಾಡುತ್ತಾರೆ.

ಮೊನ್ನೆ ಬಂಗಾರಪೇಟೆಗೆ ಬಂದಿದ್ದಾಗ ನಾದಿನಿ ಜುಮಕಿ ಹಾಕಿಕೊಂಡಿದ್ದಳು. ಸ್ಟೇಷನ್ ಹತ್ತಿರ ಪಾನಿಪುರಿ ತಿನ್ನುತ್ತಾ ಸೊಸೆ, "ಮಾಮಿ, 2029ರ ಗಡುವನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ" ಎಂದಳು. ಅಷ್ಟು ಹೊತ್ತಿಗೆ ಅವಳ ಓದು ಮುಗಿದಿರುತ್ತದೆ. ಮುಂದಿನ ಲ್ಯಾಪ್‌ಟಾಪನ್ನು ಅವಳು ಅಮ್ಮಿಯ ಜುಮಕಿಯ ಕಡೆ ನೋಡದೆ, ತನ್ನ ಸ್ವಂತ ದುಡಿಮೆಯಲ್ಲೇ ಕೊಳ್ಳುವಂತಾಗಲಿ.